ಘಟ್ಟ ಗೋಡೆಯಲ್ಲ

ಅರಬ್ಬಿ ಸಮುದ್ರದ ತೇವಗಾಳಿ ಸಹ್ಯಾದ್ರಿಗೆ ಬಡಿಯುತ್ತದೆ, ಮೇಲೇರುತ್ತದೆ, ತಣಿಯುತ್ತದೆ, ಮಳೆಯಾಗಿ ಸುರಿಯುತ್ತದೆ. ಘಟ್ಟ ದಾಟಿದ ಒಣಗಾಳಿ ಕೆಳಗಿಳಿದು ಆಚೆಗೆ ಮಳೆನೆರಳು ಬೀಳುತ್ತದೆ. ಶಾಲೆಯ ಭೂಗೋಳ ಪಾಠದಿಂದ ಟಿವಿಯ ಹವಾಮಾನ ವರದಿಯವರೆಗೆ ಈ ವಿವರಣೆ ಒಂದಿಷ್ಟೂ ಬದಲಾಗದೆ ನಡೆದುಬಂದಿದೆ. ಇತ್ತೀಚಿನ ದಶಕಗಳಲ್ಲಿ ಇದಕ್ಕೆ ಇನ್ನೊಂದು ನಂಬಿಕೆ ಸೇರಿಕೊಂಡಿದೆ: ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಬೆಳ್ಳಗೆ ಕಂಡದ್ದೆಲ್ಲ ಮಳೆ, ಕಪ್ಪಗೆ ಕಂಡ ಕಡೆ ಏನೂ ನಡೆಯುತ್ತಿಲ್ಲ. ಎರಡರಲ್ಲೂ ಅರ್ಧ ಸತ್ಯವಿದೆ. ಆದರೆ ಎರಡೂ ಕೂಡಿ ಕರಾವಳಿಯ ಆಕಾಶದ ಬಹುಮುಖ್ಯ ಸಂಗತಿಯೊಂದನ್ನು ಮರೆಮಾಡಿವೆ ಎನ್ನುವುದು ನನ್ನ ತಕರಾರು. ಆ ಸಂಗತಿ ಗಾಳಿಯೊಳಗಿನ ಅಲೆ. ವಿಜ್ಞಾನಿಗಳು ಇದನ್ನು ವಾತಾವರಣದ ಗುರುತ್ವ ಅಲೆ ಎನ್ನುತ್ತಾರೆ. ಘಟ್ಟವನ್ನು ಗೋಡೆಯೆಂದೂ ಉಪಗ್ರಹದ ಚಿತ್ರವನ್ನು ನೀರಿನ ನಕಾಶೆಯೆಂದೂ ಓದುವವರೆಗೆ ಈ ಅಲೆ ನಮಗೆ ಕಾಣುವುದಿಲ್ಲ.

ಈ ಜಗಳವನ್ನು ಅವರ್ಸಾದಲ್ಲಿ ನಿಂತು ಆಡಬೇಕೆಂದು ನನಗೆ ಅನಿಸುವುದಕ್ಕೆ ಕಾರಣವಿದೆ. ಕಾರವಾರದಿಂದ ಅಂಕೋಲಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಅರ್ಗಾದ ನೌಕಾನೆಲೆಯನ್ನು ದಾಟಿ ಈ ಊರಿಗೆ ಬರುತ್ತದೆ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಕಾಡುಗುಡ್ಡ, ನಡುವೆ ಕಿರಿದಾದ ಬಯಲು. ಉತ್ತರದಲ್ಲಿ ಕಾಳಿ, ದಕ್ಷಿಣದಲ್ಲಿ ಗಂಗಾವಳಿ ಘಟ್ಟವನ್ನು ಸೀಳಿಕೊಂಡು ಕಡಲು ಸೇರುತ್ತವೆ. ಗೋಡೆಯ ಸಿದ್ಧಾಂತ ಎಲ್ಲಾದರೂ ಚೊಕ್ಕವಾಗಿ ಹೊಂದಬೇಕಾದರೆ ಗುಡ್ಡ ಕಡಲಿಗೆ ಇಷ್ಟು ಹತ್ತಿರ ಬಂದಿರುವ ಇಂಥ ಕಡೆಯಲ್ಲೇ ಹೊಂದಬೇಕು. ಆದರೆ ಅದು ಮೊದಲು ಸೋಲುವುದೂ ಇಲ್ಲೇ. ಗಾಳಿ ಗುಡ್ಡಕ್ಕೆ ಬಡಿದ ಮೇಲೆಯೇ ಮಳೆ ಹುಟ್ಟುವುದಾದರೆ, ಗುಡ್ಡದಿಂದ ಎಷ್ಟೋ ದೂರದಲ್ಲಿ, ತೆರೆದ ಕಡಲ ಮೇಲೆ, ಮುಂಗಾರಿನ ದಟ್ಟ ಮೋಡ ಮೊದಲೇ ಎದ್ದು ನಿಲ್ಲುವುದು ಏಕೆ?

ಈ ಪ್ರಶ್ನೆ ಹೊಸದೇನಲ್ಲ. 1979ರ ಮಾನ್ಸೂನ್ ಪ್ರಯೋಗ ‘ಮೋನೆಕ್ಸ್’ನಲ್ಲಿ ಸಂಶೋಧನಾ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಹಾರಿ ಅಳತೆ ತೆಗೆದವು. ಅವುಗಳ ಆಧಾರದ ಮೇಲೆ ಗ್ರಾಸ್‌ಮನ್ ಮತ್ತು ಡರಾನ್ 1984ರಲ್ಲಿ ಒಂದು ವಾದ ಮಂಡಿಸಿದರು: ಪಶ್ಚಿಮ ಘಟ್ಟ ತನ್ನ ಬುಡಕ್ಕೆ ಬಂದ ಗಾಳಿಯನ್ನು ಮಾತ್ರ ತಡೆಯುವುದಿಲ್ಲ, ಇನ್ನೂ ಕಡಲ ಮೇಲಿರುವ ಗಾಳಿಯ ವೇಗವನ್ನೂ ತಗ್ಗಿಸುತ್ತದೆ. ಮುಂದಿನ ಗಾಳಿ ನಿಧಾನವಾದಾಗ ಹಿಂದಿನ ಗಾಳಿ ಒತ್ತಿಕೊಂಡು ಬಂದು ಮೇಲೇಳುತ್ತದೆ, ಮಳೆಮೋಡ ಕಡಲಲ್ಲೇ ಕಟ್ಟುತ್ತದೆ. ಈ ವಾದಕ್ಕೆ ಪ್ರತಿವಾದವೂ ಬಂತು. 1988ರಲ್ಲಿ ಒಗುರಾ ಮತ್ತು ಯೋಶಿಜಾಕಿ ಘಟ್ಟದ ತಡೆಯೊಂದೇ ಸಾಲದೆಂದರು. ಸಮುದ್ರದ ಮೇಲ್ಮೈಯಿಂದ ಏರುವ ಶಾಖ ಮತ್ತು ತೇವ, ಎತ್ತರಕ್ಕೆ ತಕ್ಕಂತೆ ಬದಲಾಗುವ ಗಾಳಿಯ ವೇಗ ಇವೂ ಕೂಡಿದರೆ ಮಾತ್ರ ಕಡಲ ಮಳೆಯ ಲೆಕ್ಕ ಕೂಡುತ್ತದೆ ಎಂದು ಮಾದರಿ ಕಟ್ಟಿ ತೋರಿಸಿದರು. ಆ ತಿದ್ದುಪಡಿಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಎರಡೂ ಕಡೆಯವರು ಒಪ್ಪಿಕೊಂಡ ಒಂದು ಮಾತು ನಮ್ಮ ಪಾಠಕ್ಕೆ ಇನ್ನೂ ತಲುಪಿಲ್ಲ: ಘಟ್ಟದ ಪ್ರಭಾವ ಘಟ್ಟದ ಬುಡದಲ್ಲಿ ಶುರುವಾಗುವುದಿಲ್ಲ. ಮುಂದೆ ಅಡ್ಡಿಯಿದೆ ಎಂಬ ಸುದ್ದಿ ಬೀಸುವ ಗಾಳಿಗೆ ಎದುರಾಗಿ ಹಿಂದಕ್ಕೆ ಸಾಗಬೇಕು. ಸ್ತರಸ್ತರವಾಗಿ ನೆಲೆನಿಂತ ಗಾಳಿಯಲ್ಲಿ ಆ ಸುದ್ದಿಯನ್ನು ಒಯ್ಯುವುದು ಇದೇ ಗುರುತ್ವ ಅಲೆಗಳು.

ಅಲೆಯ ಬಗೆ ಸರಳವಾದದ್ದು. ಕೆಳಗೆ ಭಾರದ ಗಾಳಿ, ಮೇಲೆ ಹಗುರ ಗಾಳಿ ಇರುವ ಸ್ಥಿರ ವಾತಾವರಣದಲ್ಲಿ ಒಂದು ಗಾಳಿಯ ತುಣುಕನ್ನು ಮೇಲಕ್ಕೆತ್ತಿದರೆ ಅದು ಸುತ್ತಲಿನ ಗಾಳಿಗಿಂತ ಭಾರವಾಗಿ ಕೆಳಗಿಳಿಯುತ್ತದೆ. ಇಳಿಯುವ ಭರದಲ್ಲಿ ತನ್ನ ನೆಲೆಯನ್ನು ದಾಟಿ ಇನ್ನೂ ಕೆಳಗೆ ಹೋಗಿ ಮತ್ತೆ ಏರುತ್ತದೆ. ಕೆಳ ವಾತಾವರಣದಲ್ಲಿ ಈ ಏರಿಳಿತದ ಒಂದು ಸುತ್ತಿಗೆ ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಬೀಸುಗಾಳಿ ಆ ತುಣುಕನ್ನು ಮುಂದಕ್ಕೆ ಒಯ್ದಿರುತ್ತದೆ. ಗಾಳಿಯ ವೇಗ ಸೆಕೆಂಡಿಗೆ 10 ಮೀಟರ್ ಇದ್ದರೆ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಸುಮಾರು 6 ಕಿ.ಮೀ., 20 ಮೀಟರ್ ಇದ್ದರೆ 12 ಕಿ.ಮೀ.ಗೆ ಮಿಕ್ಕು. ಮಳೆಗಾಲ ಇಳಿದ ಗಂಗಾವಳಿಯಲ್ಲಿ ಮುಳುಗುಬಂಡೆಯ ಮೇಲೆ ಹಾದ ನೀರು ಬಂಡೆಯ ಕೆಳದಿಕ್ಕಿಗೆ ಸಾಲುಸಾಲು ನಿಂತ ತೆರೆಗಳನ್ನು ಮಾಡುವುದನ್ನು ಕಂಡವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಘಟ್ಟದ ಮೇಲೆ ಹಾದ ಗಾಳಿಯೂ ಹಾಗೆಯೇ. ತೇವ ಸಾಕಷ್ಟಿದ್ದರೆ ಪ್ರತಿ ಶಿಖರದಲ್ಲಿ ಮೋಡ ಕಟ್ಟುತ್ತದೆ, ಪ್ರತಿ ತಗ್ಗಿನಲ್ಲಿ ಕರಗುತ್ತದೆ. ಮೇಲಿನಿಂದ ನೋಡಿದ ಉಪಗ್ರಹಕ್ಕೆ ಘಟ್ಟದ ಸಾಲಿಗೆ ಸಮಾನಾಂತರವಾದ ಪಟ್ಟೆಗಳು ಕಾಣುತ್ತವೆ.

ಗೋಡೆಯ ಚಿತ್ರ ಎಷ್ಟು ಒರಟಾದದ್ದೆಂದು ಒಂದು ಸಣ್ಣ ಲೆಕ್ಕವೇ ತೋರಿಸುತ್ತದೆ. ಗಾಳಿ ಬೆಟ್ಟವನ್ನು ಹತ್ತಿ ದಾಟುತ್ತದೋ ಅಥವಾ ತಡೆಗೊಂಡು ಹಿಂದೆ ನಿಲ್ಲುತ್ತದೋ ಎಂಬುದನ್ನು ಫ್ರೂಡ್ ಸಂಖ್ಯೆ ಅಂದಾಜಿಸುತ್ತದೆ. ಗಾಳಿಯ ವೇಗವನ್ನು ಬೆಟ್ಟದ ಎತ್ತರ ಮತ್ತು ಗಾಳಿಯ ಸ್ಥಿರತೆಯ ಗುಣಲಬ್ಧದಿಂದ ಭಾಗಿಸಿದರೆ ಅದು ಸಿಗುತ್ತದೆ. ಒಂದಕ್ಕಿಂತ ಹೆಚ್ಚಾದರೆ ಗಾಳಿ ದಾಟುತ್ತದೆ, ಕಡಿಮೆಯಾದರೆ ತಡೆಗೊಳ್ಳುತ್ತದೆ. ಉತ್ತರ ಕನ್ನಡದ ಘಟ್ಟ ಸುಮಾರು 600 ಮೀಟರ್ ಎತ್ತರದ್ದು. ಸೆಕೆಂಡಿಗೆ 10 ಮೀಟರ್ ಗಾಳಿಗೆ ಸಂಖ್ಯೆ 1.6ರ ಮೇಲಿರುತ್ತದೆ. ಅದೇ ಗಾಳಿ 1,894 ಮೀಟರಿನ ಕುದುರೆಮುಖದೆದುರು ಬಂದರೆ ಸಂಖ್ಯೆ 0.53ಕ್ಕೆ ಇಳಿಯುತ್ತದೆ. ಒಂದೇ ದಿನ, ಒಂದೇ ಮುಂಗಾರು, ಒಂದೇ ಕರಾವಳಿ. ಆದರೂ ಅಂಕೋಲಾದ ಹಿಂದೆ ಗಾಳಿ ಅಲೆಯಾಗಿ ದಾಟುವಾಗ ದಕ್ಷಿಣದಲ್ಲಿ ಅದು ತಡವರಿಸಿ ನಿಲ್ಲಬಹುದು. 2022ರಲ್ಲಿ ಜಯೇಶ್ ಫಡ್ತರೆ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಮಳೆಯನ್ನು ಇದೇ ಸಂಖ್ಯೆಯ ಮೇಲೆ ವಿಂಗಡಿಸಿ ನೋಡಿದರು. ಸಂಖ್ಯೆ ಕಡಿಮೆಯಿದ್ದ ದಿನಗಳಲ್ಲಿ ಮಳೆ ಕಡಲು ಮತ್ತು ಕರಾವಳಿಯ ಕಡೆಗೂ, ಸಂಖ್ಯೆ ಹೆಚ್ಚಿದ್ದ ದಿನಗಳಲ್ಲಿ ಬೆಟ್ಟ ಮತ್ತು ಅದರಾಚೆಗೂ ವಾಲುತ್ತದೆ. ‘ಘಟ್ಟಕ್ಕೆ ಬಡಿದು ಮಳೆ’ ಎಂಬ ಒಂದೇ ವಾಕ್ಯ ಈ ಎರಡು ಬಗೆಯ ದಿನಗಳನ್ನೂ ವಿವರಿಸಲಾರದು.

ಈ ತಿಳಿವಳಿಕೆ ಹೊರಗಿನಿಂದ ನಿನ್ನೆ ಮೊನ್ನೆ ಬಂದದ್ದೆಂದು ಯಾರೂ ತಿಳಿಯಬಾರದು. ಮೊದಲ ಹವಾಮಾನ ಉಪಗ್ರಹ ಟೈರಾಸ್-1 ಹಾರಿದ್ದು 1960ರ ಏಪ್ರಿಲ್ 1ರಂದು. ಅದರ ಮತ್ತು ಅದರ ತಮ್ಮಂದಿರ ಮಸುಕು ಟಿವಿ ಚಿತ್ರಗಳಲ್ಲೇ ಬೆಟ್ಟಗಳ ಹಿಂದಿನ ಅಲೆಮೋಡಗಳು ಕಂಡಿದ್ದವು. 1965ರಲ್ಲಿ ಸಿಗ್ಮಂಡ್ ಫ್ರಿಟ್ಸ್ ಆ ಪಟ್ಟೆಗಳ ಅಂತರವನ್ನು ಗಾಳಿಯ ವೇಗಕ್ಕೆ ಹೊಂದಿಸಿ ಓದುವ ಬಗೆಯನ್ನು ಬರೆದರು. ಅದೇ ವರ್ಷ ಭಾರತೀಯ ಹವಾಮಾನ ಇಲಾಖೆಯ ಆರ್. ಪಿ. ಸರ್ಕಾರ್ ಪಶ್ಚಿಮ ಘಟ್ಟದ ಬೆಟ್ಟದಲೆಗಳ ಗಣಿತವನ್ನು ಪ್ರಕಟಿಸಿದರು. ಮರುವರ್ಷ ಅವರು ಕೊಟ್ಟ ಘಟ್ಟಮಳೆಯ ಮಾದರಿ ಇಂದಿಗೂ ಆಧಾರಗ್ರಂಥದಂತಿದೆ. ನಮ್ಮಲ್ಲಿ ಆ ಮಾದರಿಯ ಹೆಸರು ಹೇಳುವವರು ಅದನ್ನು ‘ಬೆಟ್ಟ ಎತ್ತಿದ ಗಾಳಿಯ ಮಳೆ’ ಎಂದು ಚಿಕ್ಕದು ಮಾಡುತ್ತಾರೆ. ಮೂಲದಲ್ಲಿ ಅದು ಅಲೆಯ ಸಮೀಕರಣ. ಗಾಳಿ ಯಾವ ಎತ್ತರದಲ್ಲಿ ಎಷ್ಟು ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಸರ್ಕಾರ್ ಅಲೆಯಿಂದಲೇ ಲೆಕ್ಕ ಹಾಕಿದ್ದರು. ನಮ್ಮವರೇ ಕಟ್ಟಿದ ವಿಚಾರದಿಂದ ಅಲೆಯನ್ನು ಕಿತ್ತುಹಾಕಿ ಗೋಡೆಯನ್ನು ಮಾತ್ರ ಉಳಿಸಿಕೊಂಡದ್ದು ನಮ್ಮ ಜನಪ್ರಿಯ ವಿಜ್ಞಾನ ಬರವಣಿಗೆಯ ದೊಡ್ಡ ನಷ್ಟ.

ಈಗ ಉಪಗ್ರಹದ ಕಡೆಗೆ ಬರುತ್ತೇನೆ. ನನಗೆ ಇನ್ಸಾಟ್ ಸರಣಿಯ ಬಗ್ಗೆ ಗೌರವವಿದೆ, ಅಭಿಮಾನವೂ ಇದೆ. ಬೆಂಗಳೂರಿನಲ್ಲಿ ರೂಪುಗೊಂಡು ಹಾಸನದಿಂದ ನಿಯಂತ್ರಣಗೊಳ್ಳುವ ಇನ್ಸಾಟ್-3ಡಿಆರ್ 2016ರ ಸೆಪ್ಟೆಂಬರ್ 8ರಂದು ಹಾರಿತು. ಅದರ ನೆಲೆ ಸಮಭಾಜಕದ ಮೇಲೆ 74 ಡಿಗ್ರಿ ಪೂರ್ವ ರೇಖಾಂಶ. ಕಾರವಾರದ ರೇಖಾಂಶವೂ ಹೆಚ್ಚುಕಡಿಮೆ ಅದೇ. ಅಂದರೆ ಈ ಹವಾಮಾನ ಕಣ್ಣು ಅವರ್ಸಾವನ್ನು ಪೂರ್ವಕ್ಕಾಗಲಿ ಪಶ್ಚಿಮಕ್ಕಾಗಲಿ ಓರೆಯಾಗದೆ ನೋಡುತ್ತದೆ. ಆದರೆ ಅಭಿಮಾನ ಅಳತೆಯನ್ನು ಮರೆಸಬಾರದು. ಈ ಕಣ್ಣಿಗೆ ಗೋಚರ ಬೆಳಕಿನಲ್ಲಿ 1 ಕಿ.ಮೀ., ಉಷ್ಣ ಅವಕೆಂಪಿನಲ್ಲಿ 4 ಕಿ.ಮೀ., ನೀರಾವಿಯ ಪಟ್ಟಿಯಲ್ಲಿ 8 ಕಿ.ಮೀ. ವಿವರ ಸಿಗುತ್ತದೆ. ಯಾವ ಅಲೆಯನ್ನಾದರೂ ಗುರುತಿಸಬೇಕಾದರೆ ಒಂದು ಅಲೆಯುದ್ದಕ್ಕೆ ಕನಿಷ್ಠ ಎರಡು ಚುಕ್ಕೆ ಬೇಕು. ಹಾಗಾಗಿ 6 ಕಿ.ಮೀ. ಅಂತರದ ಪಟ್ಟೆಗಳು ಹಗಲಿನ ಗೋಚರ ಚಿತ್ರದಲ್ಲಿ ಮಾತ್ರ ಕಾಣಬಲ್ಲವು. ಉಷ್ಣ ಚಿತ್ರದಲ್ಲಿ ಅವು ಕಲಸಿಹೋಗಿ ಒಂದೇ ಬೂದು ಹಾಸಾಗುತ್ತವೆ. ರಾತ್ರಿಯಿಡೀ ನಮ್ಮ ಕೈಯಲ್ಲಿರುವುದು ಆ ಬೂದು ಹಾಸು. ಅದನ್ನು ತೋರಿಸಿ ‘ಅಲೆಯೇನೂ ಕಾಣುತ್ತಿಲ್ಲವಲ್ಲ’ ಎಂದರೆ ಅದು ಆಕಾಶದ ಬಗ್ಗೆ ಆಡಿದ ಮಾತಾಗುವುದಿಲ್ಲ, ಉಪಕರಣದ ಮಿತಿಯನ್ನು ಹೇಳಿದಂತಾಗುತ್ತದೆ.

ಹೊತ್ತಿನ ವಿಷಯದಲ್ಲೂ ಇದೇ ಕಥೆ. ಪೂರ್ಣ ಚಿತ್ರ ಅರ್ಧ ಗಂಟೆಗೊಮ್ಮೆ ಬರುತ್ತದೆ. ಇನ್ನೊಂದು ಇನ್ಸಾಟ್‌ನ ಚಿತ್ರವನ್ನು ನಡುವೆ ಸೇರಿಸಿದರೂ ಕಾಲು ಗಂಟೆಗೊಮ್ಮೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಓಡುವ ಅಲೆ ಅರ್ಧ ಗಂಟೆಯಲ್ಲಿ 27 ಕಿ.ಮೀ. ಸಾಗಿರುತ್ತದೆ. ಪಟ್ಟೆಗಳ ಅಂತರ 20 ಕಿ.ಮೀ. ಇದ್ದರೆ ಎರಡನೆಯ ಚಿತ್ರದಲ್ಲಿ ಕಂಡ ಪಟ್ಟೆ ಮೊದಲ ಚಿತ್ರದ ಯಾವ ಪಟ್ಟೆಯೆಂದು ಹೇಳುವ ದಾರಿಯೇ ಇರುವುದಿಲ್ಲ. ಇದಕ್ಕಿಂತ ಗಂಭೀರವಾದ ತೊಡಕು ನಿಂತ ಅಲೆಗಳದ್ದು. ಉಪಗ್ರಹದಿಂದ ಗಾಳಿಯ ವೇಗ ತೆಗೆಯುವ ವಿಧಾನ ಸಾಲು ಚಿತ್ರಗಳಲ್ಲಿ ಮೋಡ ಎಷ್ಟು ಸರಿಯಿತೆಂದು ಅಳೆಯುತ್ತದೆ. ಮೋಡ ಗಾಳಿಯೊಡನೆ ತೇಲುತ್ತದೆ ಎಂಬುದು ಅದರ ಊಹೆ. ಬೆಟ್ಟದಲೆಯ ಮೋಡ ತೇಲುವುದಿಲ್ಲ. ಗಾಳಿ ಅದರೊಳಗೆ ನುಗ್ಗಿ ಆಚೆ ಹೊರಡುತ್ತಿರುವಾಗಲೂ ಮೋಡ ತನ್ನ ಜಾಗದಲ್ಲೇ ಹುಟ್ಟುತ್ತ ಕರಗುತ್ತ ನಿಂತಿರುತ್ತದೆ. ಬಿರುಗಾಳಿ ಬೀಸುವ ಕಡೆ ಉಪಗ್ರಹ ‘ಗಾಳಿ ನಿಂತಿದೆ’ ಎಂದು ಓದಬಹುದು. ಮೋಡವನ್ನು ವಸ್ತುವೆಂದು ನೋಡುವುದಕ್ಕೂ ಚಲನೆಯ ಗುರುತೆಂದು ನೋಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಬರೀ ತತ್ತ್ವದ ಮಾತಾಗಿ ಉಳಿಯುವುದಿಲ್ಲ, ಮುನ್ಸೂಚನೆಯ ಮಾದರಿಗೆ ಹೋಗುವ ಅಂಕಿಯೇ ತಪ್ಪುತ್ತದೆ.

ನನ್ನ ವಾದಕ್ಕೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಬಲವಾದದ್ದು: ತೇವ ತುಂಬಿದ ಗಾಳಿ ಏರುವಾಗ ಆವಿ ಹನಿಯಾಗಿ ಶಾಖ ಬಿಡುತ್ತದೆ, ಅದರಿಂದ ತುಣುಕು ಅಷ್ಟು ಭಾರವಾಗುವುದಿಲ್ಲ, ಅಲೆಯನ್ನು ಎಳೆದು ತರುವ ಬಲ ಕುಗ್ಗುತ್ತದೆ. ಜುಲೈ ತಿಂಗಳ ದಟ್ಟ ಮೋಡದೊಳಗೆ ಚೊಕ್ಕ ಬೆಟ್ಟದಲೆ ಹುಡುಕುವುದು ವ್ಯರ್ಥ. ಇದು ನಿಜ. ನಾನು ಮೇಲೆ ಕೊಟ್ಟ ಫ್ರೂಡ್ ಸಂಖ್ಯೆಯೂ ಒಣಗಾಳಿಯ ಲೆಕ್ಕ, ಅದನ್ನು ಅಂದಾಜೆಂದೇ ಓದಬೇಕು. ಆದರೆ ಸರ್ಕಾರ್ 1966ರಲ್ಲೇ ತೇವ ತುಂಬಿದ ವಾತಾವರಣದ ಸ್ಥಿರತೆಯನ್ನು ಇಟ್ಟುಕೊಂಡು ಅಲೆಯನ್ನು ಬಿಡಿಸಿದ್ದರು. ಕುಗ್ಗಿದ ಅಲೆ ಇಲ್ಲವಾದ ಅಲೆಯಲ್ಲ. ಮುಂಗಾರು ದಿನವೂ ಒಂದೇ ತೆರನಾಗಿಯೂ ಇರುವುದಿಲ್ಲ. ಬಿಡುವು ಬಿದ್ದ ದಿನಗಳಲ್ಲಿ ಮೋಡದ ಪದರ ತೆಳುವಾದಾಗ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಮೇಲೆ ಬೆಟ್ಟದಲೆಯ ಪಟ್ಟೆ ಹುಡುಕಲು ತಕ್ಕ ಹೊತ್ತು ಬರುತ್ತದೆ. ಮೇಲಾಗಿ ದೊಡ್ಡ ಮಳೆಮೋಡವೇ ಗುರುತ್ವ ಅಲೆಯ ಹುಟ್ಟುಮನೆ. ಅದು ಮೇಲಕ್ಕೆ ಚಿಮ್ಮಿದಾಗ ಸುತ್ತಲಿನ ಸ್ಥಿರ ಗಾಳಿ ಕಲಕಿ ಅಲೆಗಳು ಹರಡುತ್ತವೆ, ಮುಂದಿನ ಮೋಡವನ್ನು ಎಬ್ಬಿಸುತ್ತವೆ.

ಎರಡನೆಯ ಆಕ್ಷೇಪ ಹವಾಮಾನ ಇಲಾಖೆಯ ಪರಿಭಾಷೆಯಿಂದ ಬರುತ್ತದೆ: ಕರಾವಳಿಯ ಉದ್ದಕ್ಕೂ ಹಾಸುವ ಕಡಲ ತೀರದ ಕಡಿಮೆ ಒತ್ತಡದ ಪಟ್ಟಿಯೇ ಭಾರಿ ಮಳೆಯನ್ನು ವಿವರಿಸುತ್ತದೆ, ಅಲೆ ಏಕೆ ಬೇಕು? ಆ ಪಟ್ಟಿ ಮಹಾರಾಷ್ಟ್ರದಿಂದ ಕೇರಳದವರೆಗೆ ಚಾಚಬಲ್ಲದು. ಇಡೀ ಕರಾವಳಿ ಏಕೆ ತೋಯುತ್ತಿದೆ ಎಂಬುದಕ್ಕೆ ಅದು ಉತ್ತರ. ಒಂದು ಪಂಚಾಯಿತಿ ಮುಳುಗಿ ಹತ್ತು ಕಿ.ಮೀ. ಆಚೆಯದು ಬರೀ ಹದವಾಗಿ ನೆನೆದದ್ದು ಏಕೆ ಎಂಬುದಕ್ಕೆ ಉತ್ತರವಲ್ಲ. ಗುಡ್ಡ, ಕಣಿವೆ ಮತ್ತು ಅಲೆಗಳ ಅಳತೆಯೇ ಆ ಹತ್ತು ಕಿ.ಮೀ.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಅಭ್ಯಾಸ: ಗುರುತ್ವ ಅಲೆಯೆಂದರೆ ಅಪರೂಪದ ಬೆರಗು ಎಂಬ ಭಾವನೆ. 2022ರ ಜನವರಿ 15ರಂದು ಟೋಂಗಾದ ಹುಂಗಾ ಜ್ವಾಲಾಮುಖಿ ಸಿಡಿದಾಗ ವಾತಾವರಣದ ಅಲೆಗಳು ಭೂಮಿಯನ್ನೇ ಸುತ್ತಿದ್ದನ್ನು ಉಪಗ್ರಹಗಳು ಹಿಡಿದವು. 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ರಾತ್ರಿಗಣ್ಣು, ಸುಮಾರು 90 ಕಿ.ಮೀ. ಎತ್ತರದ ಮಂದ ವಾಯುಪ್ರಭೆಯಲ್ಲಿ ಗುಡುಗುಮೋಡಗಳು ಎಬ್ಬಿಸಿದ ಉಂಗುರದಲೆಗಳನ್ನು ತೋರಿಸಿತು. ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ ಅಲೆಯ ಎತ್ತರ ಬೆಳೆಯುತ್ತದೆ, ಕೆಳಗಿನ ಚೈತನ್ಯ ಮೇಲಿನ ಗಾಳಿಗಳನ್ನೇ ತಿರುಗಿಸುತ್ತದೆ. ಇವೆಲ್ಲ ದೊಡ್ಡ ಸಾಧನೆಗಳು. ಆದರೆ ನಮ್ಮ ಪತ್ರಿಕೆಗಳು ಈ ಉಂಗುರಗಳನ್ನು ಮಾತ್ರ ಅಚ್ಚು ಹಾಕಿ, ಘಟ್ಟದ ಮೇಲೆ ಪದೇಪದೇ ಏಳುವ ಸಾದಾ ಪಟ್ಟೆಗಳನ್ನು ಬಿಟ್ಟುಬಿಟ್ಟಿವೆ. ಅಪರೂಪದ್ದನ್ನು ಮೆಚ್ಚುವ ಭರದಲ್ಲಿ ನಿತ್ಯದ್ದನ್ನು ಕಡೆಗಣಿಸಿದ್ದೇವೆ.

ನಿತ್ಯದ್ದರಲ್ಲಿ ಅತ್ಯಂತ ಕಡೆಗಣಿಸಿದ್ದು ಕಾಣದ ಅಲೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಗಾಳಿಯ ದಿಕ್ಕು ತಿರುಗುತ್ತದೆ. ಬಯಲುಸೀಮೆಯ ಕಡೆಯಿಂದ ಬರುವ ಮೂಡಣಗಾಳಿ ಘಟ್ಟ ಇಳಿಯುತ್ತದೆ, ರಾತ್ರಿಯ ನೆಲಗಾಳಿ ಕಾಳಿ, ಗಂಗಾವಳಿಗಳ ಕಣಿವೆ ಹಿಡಿದು ಕಡಲಿಗೆ ಹರಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮುಂದಿದ್ದ ಅವರ್ಸಾ ಆಗ ಘಟ್ಟದ ಹಿಂದೆ ಬೀಳುತ್ತದೆ, ಬೆಟ್ಟದಲೆಗಳು ಏಳಬೇಕಾದ ಕಡೆ. ಬೆಳಗಿನ ಗಾಳಿ ಸ್ಥಿರವಾಗಿರುತ್ತದೆ, ಅಲೆಗೆ ಬೇಕಾದದ್ದೂ ಅದೇ. ಆದರೆ ತೇವವಿಲ್ಲ, ಮೋಡವಿಲ್ಲ, ಉಪಗ್ರಹದ ಚಿತ್ರದಲ್ಲಿ ಸ್ವಚ್ಛ ಕಪ್ಪು. ಗೋಡೆಯ ಸಿದ್ಧಾಂತಕ್ಕೆ ಈ ಋತುವಿನ ಬಗ್ಗೆ ಹೇಳಲು ಒಂದು ಮಾತೂ ಇಲ್ಲ. ಆದರೂ ಈ ಅಲೆಯನ್ನು ಕಾಣಲು ದಾರಿಗಳಿವೆ. ಅಲೆಯ ಏರಿಳಿತಕ್ಕೆ ತಕ್ಕಂತೆ ಕಡಲ ಮೇಲ್ಮೈಯ ಗಾಳಿ ಬಲಗೊಳ್ಳುತ್ತ ಕುಗ್ಗುತ್ತ ನೀರಿನ ಮೈಯನ್ನು ಒರಟು ಮಾಡುತ್ತದೆ, ನಯ ಮಾಡುತ್ತದೆ. ಸೂರ್ಯ ಪ್ರತಿಫಲಿಸುವ ಕೋನದಲ್ಲಿ ಉಪಗ್ರಹದಲ್ಲಿರುವ ಮೋಡಿಸ್‌ನಂಥ ಸೂಕ್ಷ್ಮ ಕ್ಯಾಮೆರಾಗಳಿಗೆ ಅದು ಬೆಳಕಿನ ಪಟ್ಟೆಯಾಗಿ ಕಾಣುತ್ತದೆ. 2022ರ ಫೆಬ್ರವರಿ 14ರಂದು ಹಾರಿದ ನಮ್ಮದೇ ಇಒಎಸ್-04ರಂಥ ರೇಡಾರ್ ಉಪಗ್ರಹಗಳು ಮೋಡ, ಕತ್ತಲೆ ಎರಡನ್ನೂ ಲೆಕ್ಕಿಸದೆ ಅದನ್ನು ಹಿಡಿಯಬಲ್ಲವು. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಇರುವಾಗ ಈ ಕಾಣದ ಅಲೆ ಪುಸ್ತಕದ ವಿಷಯವಾಗಿ ಉಳಿಯಲಾರದು. ಬೆಟ್ಟದಲೆಯ ಕೆಳಗೆ ಸುಳಿಯುವ ಗಾಳಿ ಇಳಿಯುವ ವಿಮಾನಕ್ಕೆ ಅಪಾಯವೆಂಬುದು ಪೈಲಟ್‌ಗಳಿಗೆ ಚೆನ್ನಾಗಿ ತಿಳಿದ ಮಾತು.

ಇಷ್ಟೆಲ್ಲ ಹಟ ಏಕೆಂದರೆ ಇದು ಜೀವದ ಪ್ರಶ್ನೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಗಂಗಾವಳಿಯವರೆಗೆ ಮಣ್ಣು ಹರಿಯಿತು. ಈ ದುರಂತಗಳ ಹಿಂದೆ ಮಣ್ಣು, ಬಂಡೆ, ಗುಡ್ಡ ಕಡಿದ ಬಗೆ ಎಲ್ಲವೂ ಇವೆ. ಅಲೆಯೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಮಳೆಯ ಎಚ್ಚರಿಕೆ ಹೊರಡುವುದು ಜಿಲ್ಲೆಯ ಲೆಕ್ಕದಲ್ಲಿ. ಕಡಲಂಚಿನ ಅಂಕೋಲಾ, ಘಟ್ಟದ ಮೇಲಿನ ಯಲ್ಲಾಪುರ, ಬಯಲಿಗೆ ತಾಗಿದ ಮುಂಡಗೋಡ ಮೂರಕ್ಕೂ ಒಂದೇ ಕೆಂಪು ಬಣ್ಣ. ಮಳೆಯ ನಿಜವಾದ ವ್ಯತ್ಯಾಸ ಹತ್ತಾರು ಕಿ.ಮೀ.ಗಳಲ್ಲಿ ನಡೆಯುವಾಗ ಇಷ್ಟು ದೊಡ್ಡ ಬಣ್ಣ ಬಳಿದರೆ ಜನ ಅದನ್ನು ನಂಬುವುದನ್ನು ಬಿಡುತ್ತಾರೆ.

ಇದನ್ನು ತಿದ್ದುವ ಸಾಮಗ್ರಿ ನಮ್ಮ ಬಳಿ ಈಗಾಗಲೇ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಅಲೆಯ ಅಳತೆಗೆ ಹತ್ತಿರವಾದ ಜಾಲ ಇದು. ಪಣಜಿಯ ಡಾಪ್ಲರ್ ರೇಡಾರ್ ಅಂಕೋಲಾವನ್ನು ತಲುಪುತ್ತದೆ. ಇಲ್ಲಿಗೆ ಬರುವಾಗ ಅದರ ಕಿರಣ ಒಂದು ಕಿ.ಮೀ.ಗೂ ಎತ್ತರದಲ್ಲಿರುವುದರಿಂದ ನೆಲದ ಮಾಪಕದ ಸಾಕ್ಷ್ಯ ಇನ್ನೂ ಅಗತ್ಯ. ಚಂಡಮಾರುತ ಬಂದಾಗ ಇನ್ಸಾಟ್-3ಡಿಆರ್ ಕಿರಿದಾದ ಪಟ್ಟಿಯನ್ನು ಕೆಲವೇ ನಿಮಿಷಗಳಿಗೊಮ್ಮೆ ಚಿತ್ರಿಸುತ್ತದೆ. ಮುಂಗಾರಿನ ಆಯ್ದ ದಿನಗಳಲ್ಲಿ ಕಾರವಾರದಿಂದ ಹುಬ್ಬಳ್ಳಿಯವರೆಗಿನ ಪಟ್ಟಿಗೂ ಅದೇ ಸೌಲಭ್ಯ ಕೊಡಬೇಕು. ಆ 1 ಕಿ.ಮೀ. ಗೋಚರ ಚಿತ್ರಗಳನ್ನು ಪಂಚಾಯಿತಿ ಮಾಪಕಗಳ ಹದಿನೈದು ನಿಮಿಷದ ಲೆಕ್ಕದೊಡನೆ ಒಂದರ ಮೇಲೊಂದು ಇಟ್ಟು ನೋಡಬೇಕು. ಪಟ್ಟೆ ನಿಂತಲ್ಲೇ ಮಳೆಯೂ ನೆಲೆಗೊಳ್ಳುತ್ತದೋ, ಗಾಳಿಯ ವೇಗ ಏರಿದಂತೆ ಪಟ್ಟೆಗಳ ಅಂತರ ಹಿಗ್ಗುತ್ತದೋ ಎಂಬುದು ಆಗ ಎರಡು ಮಳೆಗಾಲಗಳಲ್ಲೇ ಪರೀಕ್ಷೆಗೆ ಸಿಗುವ ಪ್ರಶ್ನೆ. ಧಾರವಾಡದ ಅಥವಾ ಕಾರವಾರದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಕೈಗೆತ್ತಿಕೊಳ್ಳಬಹುದಾದ ಕೆಲಸ.

ನನ್ನ ವಾದ ಆ ಪರೀಕ್ಷೆಯಲ್ಲಿ ಭಾಗಶಃ ಸೋಲಬಹುದು. ತೇವದ ಲೆಕ್ಕ ಅಲೆಯ ಲೆಕ್ಕವನ್ನು ನಾನು ಎಣಿಸಿದ್ದಕ್ಕಿಂತ ಹೆಚ್ಚು ಮಸುಕು ಮಾಡಬಹುದು. ಆದರೂ ಆ ಸೋಲು ಗೋಡೆಗೆ ಗೆಲುವಾಗುವುದಿಲ್ಲ, ಏಕೆಂದರೆ ಗೋಡೆಯ ವಿವರಣೆ ಪರೀಕ್ಷೆಗೆ ಒಡ್ಡುವಂಥ ಒಂದು ಅಂಕಿಯನ್ನೂ ಕೊಡುವುದಿಲ್ಲ. ಎಷ್ಟು ವೇಗದ ಗಾಳಿಗೆ ಮಳೆ ಎಲ್ಲಿ ಬೀಳುತ್ತದೆಂದು ಅದು ಹೇಳುವುದಿಲ್ಲ, ಅಲೆ ಹೇಳುತ್ತದೆ. ಇದೊಂದೇ ಕಾರಣಕ್ಕಾದರೂ ಪಠ್ಯಪುಸ್ತಕದ ಬಾಣದ ಗುರುತುಗಳ ಜಾಗಕ್ಕೆ ಘಟ್ಟದ ಮೇಲಿನ ಒಂದು ನಿಜವಾದ ಉಪಗ್ರಹ ಚಿತ್ರ ಬರಬೇಕು. ಪಟ್ಟೆಗಳ ನಡುವಿನ ಅಂತರವನ್ನು ಅಳತೆಪಟ್ಟಿ ಇಟ್ಟು ಅಳೆದು ಗಾಳಿಯ ವೇಗ ಹೇಳಲು ಅಂಕೋಲಾದ ಹೈಸ್ಕೂಲು ಮಗು ಕಲಿಯಬೇಕು. ಮುನ್ಸೂಚನೆಯನ್ನು ಪ್ರಶ್ನಿಸಲೂ ನಂಬಲೂ ಬೇಕಾದ ತಿಳಿವಳಿಕೆ ಕರಾವಳಿಯ ಜನರಿಗೆ ಬರುವುದು ಅಲ್ಲಿಂದಲೇ.